ಅಟ್ಟದಿಂದ ಇಳಿಯುವ ಪುಟ್ಟ ಸೈನ್ಯ

ಗಣೇಶನ ಹಬ್ಬ ಮುಗಿದು ಬೀದಿಯ ಚಪ್ಪರ ಬಿಚ್ಚುವ ಹೊತ್ತಿಗೆ ಮೈಸೂರಿನ ಎಷ್ಟೋ ಮನೆಗಳಲ್ಲಿ ಹಿರಿಯರ ಕಣ್ಣು ಅಟ್ಟದತ್ತ ತಿರುಗುತ್ತದೆ. ವರ್ಷವಿಡೀ ಕತ್ತಲಲ್ಲಿ ಮಲಗಿದ್ದ ಟ್ರಂಕು, ಮರದ ಪೆಟ್ಟಿಗೆ, ಬಿಸ್ಕತ್ತಿನ ಡಬ್ಬಗಳು ಒಂದೊಂದಾಗಿ ಕೆಳಗಿಳಿಯುತ್ತವೆ. ಹಳೆಯ ಪಂಚೆಯ ತುಂಡು, ಮಾಸಿದ ಪತ್ರಿಕೆಯ ಹಾಳೆ ಬಿಚ್ಚಿದಂತೆಲ್ಲ ರಾಜ, ರಾಣಿ, ಸಿಪಾಯಿ, ಆನೆ, ಶೆಟ್ಟಿ, ಹಾವಾಡಿಗ ಹೊರಬಂದು ನೆಲದ ಮೇಲೆ ಸಾಲುಗಟ್ಟುತ್ತಾರೆ. ಯಾರ ಮೂಗು ಉಳಿದಿದೆ, ಯಾರ ಕೈ ಮುರಿದಿದೆ, ಯಾರ ಬಣ್ಣ ಹೋಗಿದೆ ಎಂಬ ತಪಾಸಣೆ ಶುರುವಾಗುತ್ತದೆ.

ರಾಮಕೃಷ್ಣನಗರದ ಮನೆಯೊಂದರಲ್ಲಿ ಇಂಥ ತಪಾಸಣೆಯ ವೇಳೆ ಈ ವರದಿಗಾರ ಹಾಜರಿದ್ದ. ಅಗ್ರಹಾರದ ಹಳೆಯ ಮನೆ ಬಿಟ್ಟು ಬಡಾವಣೆಗೆ ಬಂದ ಕುಟುಂಬ ಅದು. ಹೊಸ ಮನೆಗೆ ಅಟ್ಟವಿಲ್ಲ. ಅಡುಗೆಮನೆಯ ಮೇಲಿನ ಸಜ್ಜಾದ ಮೇಲೆ ಟ್ರಂಕು ಕೂತಿತ್ತು. ಅದರಲ್ಲಿದ್ದುದು ಹನ್ನೆರಡು ಮಣ್ಣಿನ ಸಿಪಾಯಿಗಳು, ಇಬ್ಬರು ಕುದುರೆ ಸವಾರರು, ಒಬ್ಬ ತಮಟೆಯವನು, ಅಂಬಾರಿ ಹೊತ್ತ ಒಂದು ಆನೆ. ಮನೆಯ ಅಜ್ಜಿಯ ಮದುವೆಗೂ ಮುಂಚೆ ಅವರ ಅತ್ತೆ ಒಂದೆರಡರಂತೆ ಕೊಂಡು ಕೂಡಿಸಿದ ಜಂಬೂಸವಾರಿ. ಸಿಪಾಯಿಗಳ ಕೆಂಪು ಅಂಗಿ ಅಲ್ಲಲ್ಲಿ ಚಕ್ಕೆ ಎದ್ದಿತ್ತು. ಒಬ್ಬನಿಗಂತೂ ಮುಖವೇ ಇರಲಿಲ್ಲ. ಬಣ್ಣ ಹೋಗಿ ಬರಿಯ ಮಣ್ಣು ಕಾಣುತ್ತಿತ್ತು.

ಅದೇ ಮನೆಯ ಇನ್ನೊಂದು ಕೋಣೆಯಲ್ಲಿ ಇನ್ನೊಂದು ಸೈನ್ಯವಿತ್ತು. ಇಂಜಿನಿಯರಿಂಗ್ ಓದುವ ಮೊಮ್ಮಗನ ಮೇಜಿನ ಮೇಲೆ ಕೋಲು ಹಿಡಿದ ಮಾಂತ್ರಿಕ, ಕೊಡಲಿ ಹೊತ್ತ ಕುಳ್ಳ, ಮುಸುಕು ಹಾಕಿದ ಕಳ್ಳಿ, ಗುರಾಣಿ ಹಿಡಿದ ವೀರ. ಎಲ್ಲರೂ ಹೆಬ್ಬೆರಳಿನ ಮೊದಲ ಗೆಣ್ಣಿನಷ್ಟು ಎತ್ತರ. ನಾಲ್ಕೈದು ವರ್ಷಗಳಿಂದ ಆತ ಇವುಗಳನ್ನು ಕೊಂಡು, ಭೂತಗನ್ನಡಿಯ ಕೆಳಗಿಟ್ಟು, ನೂಲಿನೆಳೆಯಂಥ ಕುಂಚದಿಂದ ಬಣ್ಣ ಹಚ್ಚುತ್ತಿದ್ದಾನೆ.

ಜಗಳ ಹುಟ್ಟಿದ್ದು ಇಲ್ಲಿ. ‘ಅಜ್ಜಿ, ಆ ಸಿಪಾಯಿಗಳನ್ನ ನನಗೆ ಕೊಡಿ, ಒಂದು ವಾರದಲ್ಲಿ ಹೊಸದು ಮಾಡಿಕೊಡ್ತೀನಿ’ ಎಂದ ಮೊಮ್ಮಗ. ‘ಹೊಸದು ಬೇಕಿದ್ರೆ ಅಂಗಡೀಲಿ ಸಿಗುತ್ತೆ ಕಣೋ. ಇದು ನಮ್ಮತ್ತೆ ಇಟ್ಟಿದ್ದ ಬಣ್ಣ’ ಎಂದರು ಅಜ್ಜಿ.

ಮೇಲ್ನೋಟಕ್ಕೆ ಇದು ಮನೆಯೊಳಗಿನ ಸಣ್ಣ ಮಾತು. ಆದರೆ ಪುಟ್ಟ ಮೂರ್ತಿಗಳನ್ನು ಕೂಡಿಸಿ, ಬಣ್ಣ ಕಟ್ಟಿ, ತಲೆಮಾರಿನಿಂದ ತಲೆಮಾರಿಗೆ ದಾಟಿಸುವ ಯಾರೂ ತಪ್ಪಿಸಿಕೊಳ್ಳಲಾರದ ಪ್ರಶ್ನೆ ಇದು. ಬಣ್ಣ ಹೋದ ಬೊಂಬೆಗೆ ಮತ್ತೆ ಬಣ್ಣ ಬಳಿದರೆ ನಾವು ಅದನ್ನು ಉಳಿಸಿದಂತೆಯೋ, ಅಳಿಸಿದಂತೆಯೋ?

ಬೊಂಬೆ ಮೊದಲು, ಕತೆ ಆಮೇಲೆ

ಮೊಮ್ಮಗನ ಮೇಜಿನ ಮೇಲಿನ ವೀರರ ವಂಶಾವಳಿ ಯುರೋಪಿನ ಆಟಿಕೆ ಸಿಪಾಯಿಗಳಿಂದ ಶುರುವಾಗುತ್ತದೆ. ಜರ್ಮನಿಯ ನ್ಯೂರೆಂಬರ್ಗ್ ಸುತ್ತಮುತ್ತ ತವರದಿಂದ ಎರಕ ಹೊಯ್ದ ಚಪ್ಪಟೆ ಸಿಪಾಯಿಗಳು ಒಂದು ಕಾಲಕ್ಕೆ ಮಕ್ಕಳ ಮೆಚ್ಚಿನ ಆಟಿಕೆ. 1893ರಲ್ಲಿ ಇಂಗ್ಲೆಂಡಿನ ವಿಲಿಯಂ ಬ್ರಿಟನ್ ಕಂಪನಿ ಹೊಸ ಉಪಾಯ ತಂದಿತು. ಕರಗಿದ ಸೀಸದ ಮಿಶ್ರಲೋಹವನ್ನು ಅಚ್ಚಿಗೆ ಹೊಯ್ದು, ಹೊರಪದರ ಗಟ್ಟಿಯಾದ ಕೂಡಲೇ ಒಳಗಿನ ದ್ರವವನ್ನು ಹೊರಚೆಲ್ಲುವುದು. ಉಳಿಯುವುದು ಟೊಳ್ಳು ಸಿಪಾಯಿ. ಲೋಹ ಕಡಿಮೆ, ಬೆಲೆಯೂ ಕಡಿಮೆ. ಇಂಥ ಸಿಪಾಯಿಗಳನ್ನು ನೆಲದ ಮೇಲೆ ಹರಡಿ ಆಡುವ ಯುದ್ಧದಾಟಕ್ಕೆ ನಿಯಮಗಳನ್ನು ಬರೆದವರು ಬೇರಾರೂ ಅಲ್ಲ, ಕಾಲಯಂತ್ರದ ಕತೆ ಬರೆದ ಎಚ್.ಜಿ. ವೆಲ್ಸ್! ಅವರ ‘ಲಿಟ್ಲ್ ವಾರ್ಸ್’ ಪುಸ್ತಕ ಪ್ರಕಟವಾದದ್ದು 1913ರಲ್ಲಿ.

ಸಿಪಾಯಿಯ ಜಾಗಕ್ಕೆ ಸಾಹಸಿ ಬಂದದ್ದು ಅಮೆರಿಕದಲ್ಲಿ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟವನ್ನು ಹೊರತಂದರು. ಇದರಲ್ಲಿ ಸೈನ್ಯವಿಲ್ಲ. ಆಟಗಾರರು ತಲಾ ಒಬ್ಬ ಸಾಹಸಿಯ ಪಾತ್ರ ವಹಿಸುತ್ತಾರೆ. ಮತ್ತೊಬ್ಬ ಕತೆ ನಡೆಸುತ್ತಾನೆ. ಗೆಲುವು ಸೋಲನ್ನು ದಾಳ ನಿರ್ಧರಿಸುತ್ತದೆ. ನಮ್ಮ ಬಯಲಾಟದಲ್ಲಿ ಭಾಗವತರ ಕೈಗೆ ದಾಳ ಕೊಟ್ಟರೆ ಹೇಗಿದ್ದೀತು? ಹೆಚ್ಚುಕಡಿಮೆ ಹಾಗೆ.

ಈ ಆಟದ ಆರಂಭದ ದಿನಗಳ ಒಂದು ಸಂಗತಿ ಸ್ವಾರಸ್ಯಕರ. ರಾಕ್ಷಸರ ಪಾತ್ರಕ್ಕೆ ಬೊಂಬೆಗಳು ಬೇಕಾದಾಗ ಗೈಗ್ಯಾಕ್ಸ್ ಚಿಲ್ಲರೆ ಅಂಗಡಿಯಲ್ಲಿ ಸಿಗುತ್ತಿದ್ದ, ಹಾಂಗ್‌ಕಾಂಗ್‌ನಲ್ಲಿ ತಯಾರಾದ ಅಗ್ಗದ ಪ್ಲಾಸ್ಟಿಕ್ ಪ್ರಾಣಿಗಳ ಪೊಟ್ಟಣ ಕೊಂಡು ತಂದರು. ಅದರಲ್ಲಿದ್ದ ವಿಚಿತ್ರ ಮೃಗಗಳಿಗೆ ಹೆಸರಿರಲಿಲ್ಲ. ಅವುಗಳ ಆಕಾರ ನೋಡಿಯೇ ಹೆಸರಿಟ್ಟು, ಗುಣ ಕಟ್ಟಿದರು. ಮುಟ್ಟಿದ ಕಬ್ಬಿಣವನ್ನೆಲ್ಲ ತುಕ್ಕು ಹಿಡಿಸಿ ತಿನ್ನುವ ಮೃಗವೊಂದು ಹೀಗೆ ಹುಟ್ಟಿ ಇಂದಿಗೂ ಆ ಆಟದಲ್ಲಿದೆ. ಬೊಂಬೆ ಮೊದಲು ಬಂತು, ಕತೆ ಆಮೇಲೆ ಬಂತು.

1979ರಲ್ಲಿ ಇಂಗ್ಲೆಂಡಿನಲ್ಲಿ ಸಿಟಡೆಲ್ ಮಿನಿಯೇಚರ್ಸ್ ಶುರುವಾದ ಮೇಲೆ ಇಂಥ ಮೂರ್ತಿಗಳೇ ದೊಡ್ಡ ಉದ್ಯಮವಾದವು. ಮೊದಮೊದಲು ಸೀಸ ಬೆರೆತ ಲೋಹ. 1990ರ ದಶಕದಿಂದ ಸೀಸವಿಲ್ಲದ ಮಿಶ್ರಲೋಹ. ಈಗ ಬಹುಪಾಲು ಪ್ಲಾಸ್ಟಿಕ್. ಮನೆಯಲ್ಲೇ ತ್ರಿಡಿ ಮುದ್ರಣ ಯಂತ್ರದಲ್ಲಿ ರಾಳದ ಬೊಂಬೆ ತೆಗೆಯುವವರೂ ಇದ್ದಾರೆ. ಸಾಮಾನ್ಯ ಅಳತೆ 28 ಮಿಲಿಮೀಟರ್. ಬಣ್ಣವಿಲ್ಲದೆಯೇ ಮಾರುವುದು ರೂಢಿ; ಬಣ್ಣ ಕೊಂಡವರ ಪಾಲಿನ ಕೆಲಸ. ಕೊಂಡದ್ದು ನೂರು, ಬಣ್ಣ ಕಂಡದ್ದು ಇಪ್ಪತ್ತು ಎಂಬುದು ಈ ಹವ್ಯಾಸಿಗಳೆಲ್ಲರ ಮನೆಯ ಕತೆ.

ಮೆಟ್ಟಿಲ ಮೇಲಿನ ಲೋಕ

ಅಜ್ಜಿಯ ಸೈನ್ಯದ ವಂಶಾವಳಿ ಬೇರೆ. ಮೈಸೂರು ಅರಸರ ದಸರಾ 1610ರಲ್ಲಿ ರಾಜ ಒಡೆಯರ ಕಾಲಕ್ಕೆ ಶ್ರೀರಂಗಪಟ್ಟಣದಲ್ಲಿ ಆರಂಭವಾಯಿತು. ಅರಮನೆಯಲ್ಲಿ ದರ್ಬಾರು ನಡೆದರೆ ಮನೆಮನೆಯಲ್ಲಿ ಬೊಂಬೆಯ ದರ್ಬಾರು. ಮೂರು, ಐದು, ಏಳು, ಒಂಬತ್ತು ಹೀಗೆ ಬೆಸಸಂಖ್ಯೆಯ ಮೆಟ್ಟಿಲು ಕಟ್ಟಿ, ಬಿಳಿ ಬಟ್ಟೆ ಹಾಸಿ, ಮೇಲೆ ಪಟ್ಟದ ಬೊಂಬೆಗಳನ್ನು ಕೂರಿಸುತ್ತಾರೆ. ಇವು ರಾಜ ಮತ್ತು ರಾಣಿ. ಮರದಲ್ಲಿ ಕೆತ್ತಿದ ಜೋಡಿ. ಮಗಳ ಮದುವೆಯಲ್ಲಿ ತವರಿನವರು ಈ ಜೋಡಿಯನ್ನು ಕೊಟ್ಟು ಕಳಿಸುವ ಪದ್ಧತಿಯಿದೆ. ಹೀಗೆ ಪ್ರತಿ ಹೊಸ ಸಂಸಾರದ ಜೊತೆ ಒಂದು ಹೊಸ ಸಂಗ್ರಹ ಹುಟ್ಟುತ್ತದೆ.

ಕೆಳಗಿನ ಮೆಟ್ಟಿಲುಗಳಲ್ಲಿ ದಶಾವತಾರ, ರಾಮಾಯಣ, ಮದುವೆಯ ದಿಬ್ಬಣ. ಎಲ್ಲಕ್ಕಿಂತ ಕೆಳಗೆ ದಿನಬಳಕೆಯ ಲೋಕ. ಹೊಟ್ಟೆಯ ಶೆಟ್ಟಿ ಮತ್ತು ಶೆಟ್ಟಿತಿ, ಅವರ ಮುಂದೆ ಪುಟ್ಟ ಬಟ್ಟಲುಗಳಲ್ಲಿ ಅಕ್ಕಿ, ಬೇಳೆ, ಬೆಲ್ಲ. ಮಣ್ಣಿನ ತಟ್ಟೆಯಲ್ಲಿ ರಾಗಿ ಚೆಲ್ಲಿ ಬೆಳೆಸಿದ ಹಸಿರು ಗದ್ದೆ. ಅದರಂಚಿನಲ್ಲಿ ಪ್ಲಾಸ್ಟಿಕ್ ಹುಲಿ, ಪಕ್ಕದಲ್ಲಿ ಮಗುವಿನ ಆಟದ ಕಾರು. ಆನೆಗಿಂತ ಶೆಟ್ಟಿಯೇ ದೊಡ್ಡವನು, ಸಿಪಾಯಿಗಿಂತ ಗಿಳಿ ಎತ್ತರ! 28 ಮಿಲಿಮೀಟರ್ ಎಂಬ ಶಿಸ್ತು ಇಲ್ಲಿಲ್ಲ. ಆದರೆ ಗೈಗ್ಯಾಕ್ಸ್ ಮಾಡಿದ್ದನ್ನೇ ನಮ್ಮ ತಾಯಂದಿರೂ ಮಾಡಿಕೊಂಡು ಬಂದಿದ್ದಾರೆ. ಸಂತೆಯಲ್ಲಿ ಸಿಕ್ಕಿದ ಬೊಂಬೆಗೆ ಮನೆಗೆ ಬಂದ ಮೇಲೆ ಕತೆ ಕಟ್ಟುವುದು.

ವರ್ಷಕ್ಕೆ ಒಂದಾದರೂ ಹೊಸ ಬೊಂಬೆ ಸೇರಿಸಬೇಕೆಂಬುದು ಹಬ್ಬದ ಅಲಿಖಿತ ನಿಯಮ. ಹಬ್ಬದ ಸಂಜೆಗಳಲ್ಲಿ ಬೊಂಬೆಗೆ ಆರತಿ, ನೋಡಲು ಬಂದ ಮಕ್ಕಳಿಗೆ ಬೊಂಬೆ ಬಾಗಿನದ ತಿಂಡಿ. ವಿಜಯದಶಮಿಯ ರಾತ್ರಿ ಪಟ್ಟದ ಬೊಂಬೆಯನ್ನು ಮಲಗಿಸಿದರೆ ಆ ವರ್ಷದ ದರ್ಬಾರು ಮುಗಿಯಿತು. ಮತ್ತೆ ಟ್ರಂಕು, ಮತ್ತೆ ಕತ್ತಲು.

ಅರಮನೆಯಲ್ಲೂ ಇದರ ಗುರುತಿದೆ. ಹಳೆಯ ಮರದ ಅರಮನೆ 1897ರಲ್ಲಿ ಬೆಂಕಿಗೆ ಆಹುತಿಯಾಗಿ, ಈಗಿನ ಅರಮನೆ 1912ರಲ್ಲಿ ಪೂರ್ಣಗೊಂಡಿತು. ಅದರ ಗೊಂಬೆ ತೊಟ್ಟಿಯಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆ ಮತ್ತು ಇಪ್ಪತ್ತನೆಯ ಶತಮಾನದ ಆರಂಭದ ಬೊಂಬೆಗಳನ್ನು ಪ್ರವಾಸಿಗರು ನೋಡಬಹುದು. ನಜರ್‌ಬಾದಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನ 2005ರಿಂದ ದಸರೆಯ ಹೊತ್ತಿಗೆ ನಡೆಸುತ್ತ ಬಂದ ‘ಬೊಂಬೆ ಮನೆ’ ಪ್ರದರ್ಶನ, ಬೊಂಬೆ ಕೂರಿಸುವುದನ್ನು ಮರೆತಿದ್ದ ಅನೇಕ ಮನೆಗಳಿಗೆ ಮತ್ತೆ ಆಸೆ ಹುಟ್ಟಿಸಿದೆ.

ಬಣ್ಣ ಕೂರುವ ಬಗೆ

ಬಳಿಯಬೇಕೋ ಬೇಡವೋ ಎಂಬ ಪ್ರಶ್ನೆಗೆ ಉತ್ತರ ಹುಡುಕುವ ಮುನ್ನ, ಬಣ್ಣ ಬೊಂಬೆಯ ಮೇಲೆ ಹೇಗೆ ಕೂತಿದೆ ಎಂಬುದನ್ನು ತಿಳಿಯಬೇಕು. ಎಲ್ಲ ಬೊಂಬೆಗೂ ಒಂದೇ ಬಣ್ಣವಲ್ಲ.

ಚನ್ನಪಟ್ಟಣದ ಬೊಂಬೆಯನ್ನು ತೆಗೆದುಕೊಳ್ಳಿ. ಆಲೆ ಮರದ ತುಂಡನ್ನು ಯಂತ್ರದಲ್ಲಿ ತಿರುಗಿಸುತ್ತ ಕಡೆಯುತ್ತಾರೆ. ಆಕಾರ ಬಂದ ಮೇಲೆ, ತಿರುಗುತ್ತಿರುವ ಮರಕ್ಕೆ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಅಂಟುತ್ತದೆ. ಆಮೇಲೆ ಒಣ ಎಲೆಯಿಂದ ತಿಕ್ಕಿ ಹೊಳಪು ಕೊಡುತ್ತಾರೆ. ಮೈಬಣ್ಣಕ್ಕೆ ಕುಂಚವೇ ಬೇಕಿಲ್ಲ. ಇಂಥ ಬೊಂಬೆಯ ಮೇಲೆ ಮನೆಯಲ್ಲಿ ಬಣ್ಣ ಬಳಿದರೆ ಅದು ತೇಪೆಯಂತೆ ಕಾಣುವುದು ಖಂಡಿತ.

ಕೊಪ್ಪಳ ಜಿಲ್ಲೆಯ ಕಿನ್ನಾಳದ್ದು ಇನ್ನೊಂದು ಬಗೆ. ಅಲ್ಲಿನ ಚಿತ್ರಗಾರರು ಹಗುರ ಮರದ ತುಂಡುಗಳನ್ನು ಕೆತ್ತಿ, ಹುಣಸೆಬೀಜದ ಅಂಟು, ಮರದ ಹೊಟ್ಟು, ಗೋಣಿನಾರಿನ ಪುಡಿ ಸೇರಿಸಿ ಅರೆದ ಕಿಟ್ಟದಿಂದ ಜೋಡಿಸುತ್ತಾರೆ. ಒಡವೆಯ ಉಬ್ಬುಗೆಲಸಕ್ಕೆ ಕಲ್ಲಿನ ಪುಡಿಯನ್ನು ಅಂಟಿನಲ್ಲಿ ಕಲಸಿದ ಸರಿಯನ್ನು ಕುಂಚದ ತುದಿಯಿಂದ ಹನಿಹನಿಯಾಗಿ ಇಡುತ್ತಾರೆ. ಇದರ ಮೇಲೆ ಬಿಳಿ ಲೇಪ, ಅದರ ಮೇಲೆ ಬಣ್ಣ. ಇಲ್ಲಿ ಬಣ್ಣವೆಂಬುದು ಹಲವು ಪದರಗಳ ಕೊನೆಯ ಪದರ ಮಾತ್ರ. ಕೆಳಗಿನ ಪದರ ಸಡಿಲವಾಗಿದ್ದರೆ ಮೇಲೆ ಎಷ್ಟು ಬಳಿದರೂ ಚಕ್ಕೆ ಎದ್ದೇ ಏಳುತ್ತದೆ.

ಮಣ್ಣಿನ ಬೊಂಬೆಯ ಕತೆಯೂ ಇದೇ. ಸುಟ್ಟ ಮಣ್ಣಿನ ಮೇಲೆ ಮೊದಲು ಬಿಳಿಯ ಲೇಪ, ನಂತರ ಮೈಬಣ್ಣ, ಉಡುಗೆ, ಒಡವೆ. ಕಟ್ಟಕಡೆಗೆ ಕಣ್ಣು. ವಿಗ್ರಹಕ್ಕೆ ಕೊನೆಯಲ್ಲಿ ಕಣ್ಣು ತೆರೆಸುವ ಶಾಸ್ತ್ರ ನಮ್ಮಲ್ಲಿ ಉಂಟಷ್ಟೆ. ಬೊಂಬೆ ಮಾಡುವವರಲ್ಲೂ ಕಣ್ಣಿಟ್ಟರೆ ಕೆಲಸ ಮುಗಿದಂತೆ.

ಮೊಮ್ಮಗನ ಕ್ರಮ ನೋಡಿ. ಅವನೂ ಮೊದಲು ಲೇಪ ಹಚ್ಚುತ್ತಾನೆ. ಬಣ್ಣ ಹಿಡಿಯಲು ಅದು ಬೇಕು. ನೀರು ಬೆರೆಸಿ ತೆಳುವಾಗಿಸಿದ ಅಕ್ರಿಲಿಕ್ ಬಣ್ಣವನ್ನು ಎರಡು ಮೂರು ಸಲ ಬಳಿಯುತ್ತಾನೆ. ದಪ್ಪ ಬಣ್ಣ ಒಂದೇ ಸಲ ಬಳಿದರೆ ಮೂಗು, ಬೆರಳು, ಗಡ್ಡದ ಎಳೆಗಳು ಮುಚ್ಚಿಹೋಗುತ್ತವೆ. ಆಮೇಲೆ ಕಪ್ಪು ಛಾಯೆಯ ನೀರುಬಣ್ಣ ಹರಿಬಿಟ್ಟರೆ ಅದು ನಿರಿಗೆಗಳ ಸಂದಿಯಲ್ಲಿ ಇಳಿದು ನೆರಳಾಗುತ್ತದೆ. ಒಣಗಿದ ಕುಂಚವನ್ನು ಉಬ್ಬುಗಳ ಮೇಲೆ ಆಡಿಸಿದರೆ ಬೆಳಕಾಗುತ್ತದೆ. ಕೊನೆಗೆ ವಾರ್ನಿಷ್. ಆದರೆ ಕಣ್ಣು? ಅದನ್ನು ಅವನು ಆರಂಭದಲ್ಲೇ ಮುಗಿಸಿಬಿಡುತ್ತಾನೆ! ಕೈ ತಪ್ಪಿ ಕಣ್ಣು ದೊಡ್ಡದಾದರೆ ಸುತ್ತಲಿನ ಮೈಬಣ್ಣದಿಂದ ತಿದ್ದಿಕೊಳ್ಳಬಹುದೆಂಬ ಲೆಕ್ಕ. ಈ ಹವ್ಯಾಸದವರಲ್ಲಿ ಅನೇಕರು ಹೀಗೆಯೇ ಮಾಡುತ್ತಾರೆ. ‘ಕಣ್ಣು ಮೊದಲೇ ಬಿಟ್ಟರೆ ಪಾಪ, ಮಿಕ್ಕಿದ್ದೆಲ್ಲ ಆಗೋವರೆಗೂ ಅವನು ನೋಡ್ತಾ ಕೂತಿರಬೇಕಲ್ಲೋ’ ಎಂದರು ಅಜ್ಜಿ.

ಕೈಚಳಕದ ವಿಷಯದಲ್ಲಿ ಮಾತ್ರ ಎರಡೂ ಒಂದೇ. ಮೈಸೂರು ಶೈಲಿಯ ಚಿತ್ರಕಾರರು ಅಳಿಲಿನ ಕೂದಲಿನ ಕುಂಚ ಕಟ್ಟುತ್ತಿದ್ದರು. ಅತಿ ಸೂಕ್ಷ್ಮ ಗೆರೆಗೆ ಹುಲ್ಲಿನ ಚೂಪು ತುದಿಯನ್ನೂ ಬಳಸುತ್ತಿದ್ದರು. ಮೂರು ಸೆಂಟಿಮೀಟರಿನ ಮಾಂತ್ರಿಕನ ಹುಬ್ಬು ಬರೆಯಲು ಬೇಕಾದದ್ದೂ ಅಷ್ಟೇ: ಚೂಪಾದ ತುದಿ ಮತ್ತು ಉಸಿರು ಬಿಗಿಹಿಡಿಯುವ ತಾಳ್ಮೆ.

ಬಳಿದರೆ ಏನು ಹೋಗುತ್ತದೆ?

ಬಣ್ಣ ಮಾಸಿದ ಆಟದ ಬೊಂಬೆಗೆ ಮತ್ತೆ ಬಣ್ಣ ಹಚ್ಚುವುದರಲ್ಲಿ ತಪ್ಪಿಲ್ಲ. ಸಾಹಸಿ ಬೊಂಬೆಗಳ ಲೋಕದಲ್ಲಿ ಹಳೆಯ ಬಣ್ಣವನ್ನು ದ್ರಾವಣದಲ್ಲಿ ಅದ್ದಿ ಪೂರ್ತಿ ತೆಗೆದು ಹೊಸದಾಗಿ ಬಳಿಯುವುದು ಸಾಮಾನ್ಯ. ಲೋಹಕ್ಕೆ ಅದರಿಂದ ಹಾನಿಯಿಲ್ಲ. ಕೆಲವು ಲೋಹದ ಬೊಂಬೆಗಳ ಪಾದದ ಪಟ್ಟಿಯಲ್ಲಿ ಹೆಸರು, ಇಸವಿ ಅಚ್ಚಾಗಿರುವುದರಿಂದ ಬಣ್ಣ ಹೋದರೂ ಗುರುತು ಹೋಗುವುದಿಲ್ಲ.

ಮಣ್ಣಿನ ಸಿಪಾಯಿಗೆ ಈ ಸೌಲಭ್ಯವಿಲ್ಲ. ಅವನ ಕಾಲಡಿ ಹೆಸರಿಲ್ಲ, ಇಸವಿಯಿಲ್ಲ. ಒಂದೇ ಅಚ್ಚಿನಿಂದ ನೂರಾರು ಸಿಪಾಯಿಗಳು ಬಂದಿರಬಹುದು. ಇವನನ್ನು ಬೇರೆ ಮಾಡಿದ್ದು ಬಣ್ಣವಿಟ್ಟ ಕೈ. ಮೀಸೆಯ ತಿರುವು, ರುಮಾಲಿನ ಅಂಚು, ಕಣ್ಣಿನ ಓರೆನೋಟ, ಆ ಕಾಲದ ಅಂಗಡಿಯಲ್ಲಿ ಸಿಗುತ್ತಿದ್ದ ಕೆಂಪು. ಹೆಸರೇ ಉಳಿಯದ ಆ ಕುಶಲಕರ್ಮಿಯ ಸಹಿ ಎಂದರೆ ಇಷ್ಟೇ. ಹೊಸ ಬಣ್ಣ ಬಳಿದ ದಿನ ಬೊಂಬೆ ಹೊಸದಾಗುತ್ತದೆ, ಸಹಿ ಅಳಿಯುತ್ತದೆ. ವಸ್ತುಸಂಗ್ರಹಾಲಯದವರು ಹಳೆಯ ಬೊಂಬೆಗೆ ಬಣ್ಣ ಬಳಿಯದೆ, ಎದ್ದ ಚಕ್ಕೆಯನ್ನು ಅಂಟಿಸಿ ನಿಲ್ಲಿಸುವುದಕ್ಕೆ ಕಾರಣ ಇದೇ.

ಆರೋಗ್ಯದ ಮಾತೂ ಇದೆ. ಹಳೆಯ ಎನಾಮಲ್ ಬಣ್ಣಗಳಲ್ಲಿ ಸೀಸ ಇರುತ್ತಿತ್ತು. ನಮ್ಮ ದೇಶದಲ್ಲಿ ಮನೆಬಳಕೆಯ ಬಣ್ಣಗಳಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದೆಂಬ ನಿಯಮ ಜಾರಿಗೆ ಬಂದದ್ದೇ 2017ರ ನವೆಂಬರ್‌ನಲ್ಲಿ. ಹಳೆಯ ಬೊಂಬೆಯನ್ನು ಮರಳು ಕಾಗದದಿಂದ ಉಜ್ಜಿದರೆ ಏಳುವ ಧೂಳು ಮಕ್ಕಳಿಗೆ ಒಳ್ಳೆಯದಲ್ಲ. ಸೀಸದ ಹಳೆಯ ಸಿಪಾಯಿಗಳಿಗೂ ಇದೇ ಎಚ್ಚರಿಕೆ. ಅವುಗಳಿಗೆ ಇನ್ನೊಂದು ಶತ್ರು ಮರದ ಕಪಾಟು. ಕೆಲವು ಮರಗಳಿಂದ ಹೊರಡುವ ಆಮ್ಲದ ಆವಿ ಸೀಸವನ್ನು ಬೂದಿಯಂತೆ ಬಿಳಿಯ ಪುಡಿಯಾಗಿಸುತ್ತದೆ.

ಹಾಗಾದರೆ ಮನೆಯವರು ಮಾಡಬಹುದಾದುದೇನು? ಮಣ್ಣಿನ ಬೊಂಬೆಯನ್ನು ಒದ್ದೆ ಬಟ್ಟೆಯಿಂದ ಒರೆಸಬಾರದು. ನೀರುಬಣ್ಣವಾಗಿದ್ದರೆ ಬಟ್ಟೆಗೇ ಬಂದುಬಿಡುತ್ತದೆ. ಮೃದುವಾದ ಒಣ ಕುಂಚ ಸಾಕು. ಕೈ ಹಿಡಿದು ಎತ್ತಬಾರದು. ಪೀಠದ ಕೆಳಗೆ ಅಂಗೈ ಕೊಟ್ಟು ಎತ್ತಬೇಕು. ಕಾಗದದ ತಿರುಳಿನ ಬೊಂಬೆಗೆ ಹುಳುವಿನ ಭಯ, ಆದ್ದರಿಂದ ವರ್ಷಕ್ಕೊಮ್ಮೆಯಾದರೂ ನೆರಳಲ್ಲಿ ಗಾಳಿಯಾಡಿಸಬೇಕು. ಸುತ್ತುವುದಕ್ಕೆ ಒಗೆದ ಹಳೆಯ ಹತ್ತಿ ಬಟ್ಟೆಯೇ ಉತ್ತಮ. ಪತ್ರಿಕೆಯ ಹಾಳೆ ಬೇಡ. ಅದರ ಶಾಯಿ ಬೊಂಬೆಗೆ ಹತ್ತುತ್ತದೆ, ಕಾಗದದ ಆಮ್ಲ ಬಣ್ಣವನ್ನು ಕೆಡಿಸುತ್ತದೆ. ಪತ್ರಿಕೆಯವರೇ ಹೇಳಬಾರದ ಮಾತು, ಆದರೂ ನಿಜ.

ಆದರೆ ಆ ಹಾಳೆಗಳನ್ನು ಬಿಸಾಡುವ ಮುಂಚೆ ಒಮ್ಮೆ ನೋಡಿ. ರಾಮಕೃಷ್ಣನಗರದ ಆ ಟ್ರಂಕಿನಲ್ಲಿ ಬೊಂಬೆಗಳ ವಯಸ್ಸು ಹೇಳಿದ್ದು ಅವೇ. ಒಂದು ಸವಾರನಿಗೆ ಸುತ್ತಿದ ಹಾಳೆಯಲ್ಲಿ ‘ಮೈಸೂರು ರಾಜ್ಯ’ ಎಂದಿತ್ತು. ಅಂದರೆ ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾದ 1973ಕ್ಕಿಂತ ಹಿಂದೆಯೇ ಆತ ಈ ಮನೆಯಲ್ಲಿದ್ದ. ಯಾವ ದಾಖಲೆಯಲ್ಲೂ ಇಲ್ಲದ ಲೆಕ್ಕ ಅದು.

ಪಟ್ಟದ ಬೊಂಬೆ ಕೊಟ್ಟ ತೀರ್ಪು

ಕೊನೆಗೆ ಜಗಳ ಬಗೆಹರಿಸಿದ್ದು ಪಟ್ಟದ ಬೊಂಬೆಗಳು. ಅಜ್ಜಿ ರಾಜ ರಾಣಿಯರನ್ನು ಹೊರತೆಗೆದು ಹಳೆಯ ಸೀರೆ, ಅಂಗಿ ಬಿಚ್ಚಿದರು. ಒಳಗೆ ತಲೆಮಾರುಗಳಿಂದ ಕೈಯಾಡಿ ನುಣುಪಾದ ಮರ. ಪ್ರತಿ ವರ್ಷ ಇವರಿಗೆ ಹೊಸ ಜರತಾರಿ ತುಂಡಿನ ಉಡುಗೆ, ಹೊಸ ಮಣಿಸರ. ಮರಕ್ಕೆ ಮಾತ್ರ ಯಾರೂ ಕೈಹಾಕಿಲ್ಲ. ‘ಇವರಿಗೆ ಬದಲಾಯಿಸೋದಕ್ಕೆ ಅಂತಲೇ ಬಟ್ಟೆ ಇದೆ. ಸಿಪಾಯಿಗೆ ಆ ಬಣ್ಣವೇ ಮೈ’ ಎಂದರು ಅವರು.

ಹಬ್ಬವೇ ಹಾಕಿಕೊಟ್ಟಿರುವ ಕ್ರಮ ಇದು ಎನಿಸುತ್ತದೆ. ಬದಲಾಗಲೆಂದೇ ಇರುವುದು ಬದಲಾಗಲಿ: ಉಡುಗೆ, ಮೆಟ್ಟಿಲಿನ ಜೋಡಣೆ, ಕತೆ, ವರ್ಷಕ್ಕೊಂದು ಹೊಸ ಬೊಂಬೆ. ಹಿಂದಿನವರ ಕೈ ಕಾಣುವುದು ಹಾಗೆಯೇ ಇರಲಿ. ಹಾಗೆಂದು ಮೊಮ್ಮಗನ ಕುಂಚಕ್ಕೆ ಕೆಲಸವಿಲ್ಲವೆಂದಲ್ಲ. ಹೊಸ ಬೊಂಬೆ ಬರದೆ, ಅದಕ್ಕೆ ಬಣ್ಣವಿಡುವ ಕೈ ಇಲ್ಲದೆ ಹೋದರೆ ಉಳಿಸಿದ ಹಳೆಯದು ಒಂದು ದಿನ ಮೆಟ್ಟಿಲು ಕಾಣದೆ ಪೆಟ್ಟಿಗೆಯಲ್ಲೇ ಉಳಿಯುತ್ತದೆ. ಚನ್ನಪಟ್ಟಣ, ಕಿನ್ನಾಳಗಳ ಕುಶಲಕರ್ಮಿಗಳ ಹೊಟ್ಟೆಪಾಡೂ ಆ ವರ್ಷಕ್ಕೊಂದು ಹೊಸ ಬೊಂಬೆಯ ಮೇಲೆಯೇ ನಿಂತಿದೆ.

ಆ ಮನೆಯಲ್ಲಿ ಹನ್ನೆರಡು ಸಿಪಾಯಿಗಳೂ ಹಾಗೆಯೇ ನಿಂತಿದ್ದಾರೆ, ಮುಖವಿಲ್ಲದವನೂ ಸೇರಿ. ಮೊಮ್ಮಗ ಒಬ್ಬೊಬ್ಬನ ಪೀಠಕ್ಕೂ ದಾರದಲ್ಲಿ ಸಣ್ಣ ಚೀಟಿ ಕಟ್ಟಿ, ಯಾರು ಕೊಂಡದ್ದು, ಯಾವ ಕಾಲದ್ದು ಎಂದು ಅಜ್ಜಿ ಹೇಳಿದಂತೆ ಬರೆದಿದ್ದಾನೆ. ಈ ವರ್ಷದ ಹೊಸ ಬೊಂಬೆ ಅವನದೇ. ಜಂಬೂಸವಾರಿಯ ಕೊನೆಯಲ್ಲಿ, ಆನೆಯ ಹಿಂದೆ, ಕೊಡಲಿ ಹೊತ್ತ ಕುಳ್ಳನೊಬ್ಬ ನಡೆಯಲಿದ್ದಾನೆ. ಅವನ ಅಂಗಿಯ ಬಣ್ಣ ಸಿಪಾಯಿಗಳದೇ ಕೆಂಪು. ಪಕ್ಕದಲ್ಲಿಟ್ಟು ನೋಡಿ ನೋಡಿ ಬೆರೆಸಿದ್ದು. ‘ಇವನು ಯಾರು ಅಂತ ಮಕ್ಕಳು ಕೇಳಿದರೆ ಏನು ಹೇಳ್ತೀರಿ?’ ಎಂದು ಕೇಳಿದ್ದಕ್ಕೆ ಅಜ್ಜಿ ಹೇಳಿದರು: ‘ದೂರದ ಊರಿನವನು, ದಸರಾ ನೋಡೋಕೆ ಬಂದಿದ್ದಾನೆ ಅಂತೀನಿ.’